ಜೊಲ್ಲಿನಲ್ಲಿ ಕಾರ್ಟಿಸಾಲ್, ರಕ್ತದಲ್ಲಿ ಸಕ್ಕರೆ: ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಅಳೆದ ಬಗೆ

ಟೆನ್ಷನ್ ಜಾಸ್ತಿಯಾದರೆ ಶುಗರ್ ಏರುತ್ತದೆ ಎನ್ನುವುದು ಈಗ ಟೀ ಅಂಗಡಿಯಲ್ಲೂ ಕೇಳುವ ಮಾತು. ಸುಳ್ಳೇನಲ್ಲ. ಒತ್ತಡವಾದಾಗ ಅಡ್ರಿನಲ್ ಗ್ರಂಥಿ ಬಿಡುವ ಹಾರ್ಮೋನ್ ಕಾರ್ಟಿಸಾಲ್. ಅದು ಏರಿದಾಗ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಸ್ನಾಯುಗಳು ಇನ್ಸುಲಿನ್‌ಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಆದರೆ ಇಂಥ ಮನುಷ್ಯನಲ್ಲಿ ಇಷ್ಟು ಏರಿದೆ ಎಂದು ಅಳೆದು ತೋರಿಸುವುದು ಬೇರೆಯೇ ಕೆಲಸ. ಪ್ರತಿಕಾಯದ ನೆರವಿನಿಂದ ಹಾರ್ಮೋನ್ ಅಳೆಯುವ ಎಲೈಸಾ ಯಂತ್ರ ಏನು ಕೊಟ್ಟರೂ ಒಂದು ಸಂಖ್ಯೆ ಹೇಳಿಬಿಡುತ್ತದೆ. ಆ ಸಂಖ್ಯೆಯ ಬೆಲೆ ನಿರ್ಧಾರವಾಗುವುದು ಮಾದರಿ ಟ್ಯೂಬಿಗೆ ಬೀಳುವ ಮುಂಚೆ.

ಮೊದಲು ರಕ್ತವೋ ಜೊಲ್ಲೋ ಎಂಬ ಪ್ರಶ್ನೆ. ರಕ್ತದ ಕಾರ್ಟಿಸಾಲ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಉಳಿದ ಸ್ವಲ್ಪ ಮಾತ್ರ, ಜೊಲ್ಲಿಗೆ ಇಳಿಯುವುದೂ ಅದೇ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಆ ಪ್ರೋಟೀನ್ ಹೆಚ್ಚಾಗಿ, ರಕ್ತದ ಒಟ್ಟು ಕಾರ್ಟಿಸಾಲ್ ಕಾರಣವಿಲ್ಲದೆ ಏರಿದಂತೆ ಕಾಣುತ್ತದೆ. ಇನ್ನೊಂದು, ಸೂಜಿಯ ಭಯವೇ ಒಂದು ಒತ್ತಡ. ಆರೋಗ್ಯ ಶಿಬಿರದಲ್ಲಿ ಬೆಳಗ್ಗೆ 7ರಿಂದ ಸಾಲಿನಲ್ಲಿ ನಿಂತವರ ರಕ್ತವನ್ನು 11ಕ್ಕೆ ತೆಗೆದು ಕಾರ್ಟಿಸಾಲ್ ನೋಡುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಈ ಹಳ್ಳಿಗಳ ನಮ್ಮ ಅಧ್ಯಯನಕ್ಕೆ ನಾವು ಆರಿಸಿಕೊಂಡದ್ದು ಜೊಲ್ಲು.

ಕಾರ್ಟಿಸಾಲ್ ನಡುರಾತ್ರಿಯ ಆಸುಪಾಸಿನಲ್ಲಿ ಅತಿ ಕಡಿಮೆ. ಬೆಳಗ್ಗೆ ಎದ್ದ 30ರಿಂದ 45 ನಿಮಿಷದಲ್ಲಿ ತುದಿ ಮುಟ್ಟಿ, ಮತ್ತೆ ದಿನವಿಡೀ ಇಳಿಯುತ್ತದೆ. ಹಾಗಾಗಿ ಒಬ್ಬರಿಂದ ದಿನಕ್ಕೆ ನಾಲ್ಕು ಟ್ಯೂಬ್: ಕಣ್ಣು ಬಿಟ್ಟ ತಕ್ಷಣ ಹಾಸಿಗೆಯಲ್ಲೇ ಒಂದು, 30 ನಿಮಿಷಕ್ಕೆ ಒಂದು, 45ಕ್ಕೆ ಒಂದು, ರಾತ್ರಿ ಮಲಗುವ ಮುಂಚೆ ಒಂದು. ಹೀಗೆ ಎರಡು ದಿನ. ಲೆಕ್ಕ ಎದ್ದ ಹೊತ್ತಿನಿಂದ, ಗಡಿಯಾರದಿಂದಲ್ಲ. ಡೇರಿಗೆ ಹಾಲು ಹಾಕುವವರು ನಾಲ್ಕೂವರೆಗೆ ಎದ್ದಿರುತ್ತಾರೆ, ಟೊಮೆಟೊ ಲೋಡ್ ಮಾಡಿ ಮಂಡಿಗೆ ಹೋದವರು ಆಗಿನ್ನೂ ಮಲಗಿರುವುದೇ ಇಲ್ಲ. ರೇಷ್ಮೆ ಮನೆಯವರನ್ನು ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಮುಟ್ಟಬಾರದು. ಆಗ ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು, ನಿದ್ದೆ ತುಂಡು ತುಂಡು. ಹುಳು ಗೂಡು ಕಟ್ಟಲು ಚಂದ್ರಿಕೆಗೆ ಏರಿ, ಗೂಡು ಮಾರಿ, ಒಂದು ವಾರ ಸರಿಯಾಗಿ ಮಲಗಿದ ಮೇಲೆ ಮಾದರಿ ತೆಗೆದರೆ ಅದು ಅವರ ಮಾಮೂಲಿ ದಿನದ್ದು.

ಮೊದಲ ಟ್ಯೂಬ್ ತಡವಾಗುವುದೇ ಇಲ್ಲಿ ದೊಡ್ಡ ಕಾಟ. ಎದ್ದು, ದನಕ್ಕೆ ಹುಲ್ಲು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಟ್ಯೂಬ್ ಹಿಡಿದರೆ ಅಷ್ಟರಲ್ಲಿ ಕಾರ್ಟಿಸಾಲ್ ಅರ್ಧ ದಾರಿ ಏರಿರುತ್ತದೆ. ಆಮೇಲಿನ ಏರಿಕೆ ಚಪ್ಪಟೆಯಾಗಿ ಕಾಣಿಸಿ, ‘ದೀರ್ಘಕಾಲದ ಒತ್ತಡದಿಂದ ಅಡ್ರಿನಲ್ ಗ್ರಂಥಿ ಸೋತಿದೆ’ ಎಂದು ಯಾರೋ ಬರೆದುಬಿಡುತ್ತಾರೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ಮಿಸ್ಡ್ ಕಾಲ್. ಎದ್ದಾಗ ಒಂದು, ಪ್ರತಿ ಟ್ಯೂಬ್ ಮುಚ್ಚಿದಾಗ ಒಂದು. ಎದ್ದದ್ದಕ್ಕೂ ಮೊದಲ ಟ್ಯೂಬಿಗೂ 15 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಆ ದಿನದ ಬೆಳಗಿನ ಲೆಕ್ಕ ಕೈಬಿಡುವುದು.

ಜೊಲ್ಲು ಕೊಡಿಸುವುದಕ್ಕೂ ಒಂದು ರೀತಿ ಇದೆ. ‘ಉಗಿಯಿರಿ’ ಅಂದರೆ ಕ್ಯಾಕರಿಸಿ ಕಫ ಕೊಡುತ್ತಾರೆ. ಎಂಜಲು ಬೇರೆಯವರ ಕೈಗೆ ಕೊಡುವುದು ಹೇಗೆ ಎಂಬ ಸಂಕೋಚವೂ ಇರುತ್ತದೆ. ಆಶಾ ಕಾರ್ಯಕರ್ತೆಯರ ಬಾಯಲ್ಲಿ ಚೆನ್ನಾಗಿ ನಡೆದ ಮಾತು: ‘ಅಕ್ಕ, ತಲೆ ಬಗ್ಗಿಸಿ ಕೂತ್ಕೊಳ್ಳಿ, ಬಾಯಲ್ಲಿ ನೀರೂರಲಿ, ತಾನಾಗಿ ಟ್ಯೂಬಿಗೆ ಇಳಿಯಲಿ.’ ಹುಣಸೆಹಣ್ಣು ನೆನೆಸಿಕೊಳ್ಳಿ ಎನ್ನಬಹುದು, ಬಾಯಿಗೆ ಹಾಕಿಕೊಳ್ಳಲು ಬಿಡಬಾರದು. ಹುಳಿ ಬಿದ್ದರೆ ಜೊಲ್ಲಿನ ಆಮ್ಲೀಯತೆ ಹೆಚ್ಚಿ, ಎಲೈಸಾದ ಪ್ರತಿಕಾಯ ಸರಿಯಾಗಿ ಹಿಡಿಯುವುದಿಲ್ಲ. ಪಾಲಿಪ್ರೊಪಿಲೀನ್ ಟ್ಯೂಬ್, 2 ಎಂಎಲ್. ನೊರೆ ಬಿಟ್ಟು 1 ಎಂಎಲ್ ಸಾಕು, ಹೆಪ್ಪುಗಟ್ಟುವಾಗ ಹಿಗ್ಗಲು ಮೇಲೆ ಜಾಗ ಬೇಕು. ಬೆಳಗಿನ ಮೂರೂ ಟ್ಯೂಬ್ ಮುಗಿಯುವವರೆಗೆ ಟೀ ಇಲ್ಲ, ಹಲ್ಲುಜ್ಜುವುದಿಲ್ಲ. ಇದ್ದಿಲಿನಲ್ಲಿ ಉಜ್ಜಿ ವಸಡಿನಿಂದ ರಕ್ತ ಬಂದರೆ ರಕ್ತದ ಕಾರ್ಟಿಸಾಲೇ ಟ್ಯೂಬಿಗೆ ಸೇರುತ್ತದೆ. ಟ್ಯೂಬ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ಎಲೆ ಅಡಿಕೆ ಮೆದ್ದ ಬಾಯಾದರೆ ಆ ಕೆಂಪಿನಲ್ಲಿ ರಕ್ತ ಯಾವುದು, ಎಲೆರಸ ಯಾವುದು ತಿಳಿಯುವುದೇ ಇಲ್ಲ. ರಾತ್ರಿಯ ಟ್ಯೂಬಿಗೆ ಒಂದು ಗಂಟೆ ಮುಂಚೆಯೇ ಎಲ್ಲ ನಿಲ್ಲಿಸಿ, 10 ನಿಮಿಷ ಮುಂಚೆ ಬಾಯಿ ಮುಕ್ಕಳಿಸಿದರೆ ಸರಿ. ಬೀಡಿ ಸೇದುವವರದ್ದೂ, ಕೆಮ್ಮಿಗೆ ಜ್ಯೇಷ್ಠಮಧು ಅಗಿಯುವವರದ್ದೂ ಬೇರೆ ಪಟ್ಟಿ. ಜೊಲ್ಲಿನ ಗ್ರಂಥಿಯಲ್ಲಿ ಕಾರ್ಟಿಸಾಲನ್ನು ಕೆಲಸ ಮಾಡದ ಕಾರ್ಟಿಸೋನ್ ಮಾಡುವ ಕಿಣ್ವವನ್ನು ಜ್ಯೇಷ್ಠಮಧು ತಡೆಯುವುದರಿಂದ ಸಂಖ್ಯೆ ಸುಳ್ಳಾಗಿ ಏರುತ್ತದೆ.

ಟ್ಯೂಬುಗಳು ಬರುವುದು ಲಸಿಕೆ ಕ್ಯಾರಿಯರ್‌ನಲ್ಲಿ, ನಾಲ್ಕು ಐಸ್‌ಪ್ಯಾಕ್ ನಡುವೆ. ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ಜಿನಲ್ಲಿ ಮೂಲೆ ಕೇಳಬೇಡಿ, ಅಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡುವಂತಿಲ್ಲ. ನಮಗೆ ಮೈನಸ್ 20 ಡಿಗ್ರಿಯ ಪ್ರತ್ಯೇಕ ಡೀಪ್ ಫ್ರೀಜರ್ ಬೇಕಾಯಿತು. ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರಿಜ್ ತಾನಾಗಿ ಆಗಾಗ ಬಿಸಿಯಾಗಿ ಮಂಜು ಕರಗಿಸುತ್ತದೆ, ಮಾದರಿಗೆ ಅದು ಒಳ್ಳೆಯದಲ್ಲ. ಕರೆಂಟ್ ಹೋಗಿ ಬಂದದ್ದು ತಿಳಿಯಲು ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡುವುದು. ನಾಣ್ಯ ಮಂಜಿನೊಳಗೆ ಇಳಿದಿದ್ದರೆ ನಿಮ್ಮ ಟ್ಯೂಬುಗಳೂ ಕರಗಿ ಮತ್ತೆ ಗಟ್ಟಿಯಾಗಿವೆ.

ಆದರೆ ಅಳೆಯುವ ಮುಂಚೆ ನಾವಾಗಿಯೇ ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸುವುದು ಬೇಕೇ ಬೇಕು, ಜೊಲ್ಲಿನ ಲೋಳೆ ಒಡೆಯುವುದು ಆಗಲೇ. ಆಮೇಲೆ 1500 ಜಿ (ಗುರುತ್ವದ 1500 ಪಟ್ಟು) ಬಲದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್. ಜಿ ಬೇರೆ, ಆರ್‌ಪಿಎಂ ಬೇರೆ: ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ 3000 ಆರ್‌ಪಿಎಂ, 10 ಸೆಂ.ಮೀ. ಇದ್ದರೆ ಸುಮಾರು 3660. ಲೋಳೆ ಉಳಿದರೆ ಪಿಪೆಟ್ ತುದಿ ಕಟ್ಟಿಕೊಂಡು ಅಳತೆ ತಪ್ಪುತ್ತದೆ, ಎಲೈಸಾ ಪ್ಲೇಟಿನಲ್ಲಿ ಒಂದೇ ಮಾದರಿ ಹಾಕಿದ ಎರಡು ಗುಳಿಗಳ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರ ಎಂಟೂ ಟ್ಯೂಬ್ ಒಂದೇ ಪ್ಲೇಟಿನಲ್ಲಿ, ಪ್ರತಿಯೊಂದಕ್ಕೂ ಎರಡೆರಡು ಗುಳಿ. ಈ ಎಲೈಸಾದಲ್ಲಿ ಬಣ್ಣ ಉಲ್ಟಾ: ಕಾರ್ಟಿಸಾಲ್ ಹೆಚ್ಚಿದ್ದಷ್ಟೂ ಹಳದಿ ತೆಳು. ಹೊಸಬರು ಇದರಲ್ಲಿ ಒಮ್ಮೆಯಾದರೂ ಎಡವುತ್ತಾರೆ. ಅಳತೆಯ ಮಾನದ ವಿಷಯದಲ್ಲೂ ಎಚ್ಚರ: ಡೆಸಿಲೀಟರಿಗೆ 1 ಮೈಕ್ರೋಗ್ರಾಂ ಅಂದರೆ ಲೀಟರಿಗೆ 27.59 ನ್ಯಾನೋಮೋಲ್.

ಇಷ್ಟೆಲ್ಲ ಜೋಪಾನ ಮಾಡಿದರೂ ನಮ್ಮ ಕಡೆ ಲೆಕ್ಕ ಕೆಡಿಸುವ ದೊಡ್ಡ ಕಳ್ಳ ಬೇರೆ ಇದ್ದಾನೆ: ನೋವಿನ ಮಾತ್ರೆ. ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾಗುವುದು ಕಣ್ಣಿಗೆ ಕಾಣುತ್ತದೆ, ಸೊಂಟ ಮಂಡಿ ಹಿಡಿದುಕೊಳ್ಳುವುದು ಕಾಣುವುದಿಲ್ಲ. ಅಂಥ ನೋವಿಗೆ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ (ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಔಷಧಿ) ಇರಬಹುದು. ಕಾರ್ಟಿಸಾಲ್ ತಡೆಹಿಡಿದು ನೋಡುವ ಆಸ್ಪತ್ರೆ ಪರೀಕ್ಷೆಯಲ್ಲಿ ರಾತ್ರಿ 11ಕ್ಕೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಬೆಳಗ್ಗೆ ರಕ್ತದ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಮಿಗಿಂತ ಕೆಳಗಿಳಿದರೆ ಗ್ರಂಥಿ ಸರಿಯಿದೆ ಎಂದರ್ಥ. ಅರ್ಧ ಮಿಲಿಗ್ರಾಮಿನ ಎರಡು ಮಾತ್ರೆ ಪೊಟ್ಟಣದಿಂದ ರಾತ್ರಿ ನುಂಗಿದವರು ತಮಗೇ ಗೊತ್ತಿಲ್ಲದೆ ಆ ಪರೀಕ್ಷೆ ಮಾಡಿಕೊಂಡಂತೆ! ಅವರ ಬೆಳಗಿನ ಜೊಲ್ಲಿನಲ್ಲಿ ಕಾರ್ಟಿಸಾಲ್ ನೆಲಕಚ್ಚಿರುತ್ತದೆ, ಶುಗರ್ ಮಾತ್ರ ಏರಿರುತ್ತದೆ. ಪ್ರೆಡ್ನಿಸೋಲೋನ್ ಇದ್ದರೆ ಇನ್ನೊಂದು ಗೊಂದಲ, ಎಷ್ಟೋ ಕಿಟ್‌ಗಳ ಪ್ರತಿಕಾಯ ಅದನ್ನೇ ಕಾರ್ಟಿಸಾಲ್ ಎಂದು ಎಣಿಸುತ್ತದೆ.

ಆದ್ದರಿಂದ ‘ಸ್ಟೀರಾಯ್ಡ್ ತಗೊಳ್ತೀರಾ’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರದ್ದೂ ‘ಇಲ್ಲ’. ‘ಮಂಡಿ ನೋವಿಗೆ ಏನು ನುಂಗ್ತೀರಿ, ತಂದು ತೋರಿಸಿ’ ಎಂದರೆ ಗೂಡಿನಿಂದ ಚೀಲವೇ ಬರುತ್ತದೆ. ಚೂರ್ಣ, ಉಬ್ಬಸದ ಇನ್ಹೇಲರ್, ಕಜ್ಜಿಗೆ ಹಚ್ಚುವ ಕ್ರೀಮು ಎಲ್ಲ ನೋಡಬೇಕು. ಹೈಡ್ರೋಕಾರ್ಟಿಸೋನ್ ಎಂದರೆ ಕಾರ್ಟಿಸಾಲೇ, ಆ ಕ್ರೀಮು ಹಚ್ಚಿದ ಕೈಯಲ್ಲಿ ಟ್ಯೂಬ್ ಹಿಡಿದರೂ ಮಾದರಿ ಕೆಡುತ್ತದೆ. ಇಂಥವರನ್ನು ಅಧ್ಯಯನದಿಂದ ಹೊರಗಿಟ್ಟರೂ ಹಾಗೇ ಬಿಡುವಂತಿಲ್ಲ. ಬೆಳಗ್ಗೆ ಸ್ಟೀರಾಯ್ಡ್ ನುಂಗುವವರ ಖಾಲಿ ಹೊಟ್ಟೆ ಶುಗರ್ ಮಾಮೂಲಿಗೆ ಹತ್ತಿರವಿದ್ದು, ಮಧ್ಯಾಹ್ನ ಮುದ್ದೆ ಉಂಡ ಮೇಲಿನಿಂದ ರಾತ್ರಿಯವರೆಗೆ ಏರುತ್ತದೆ. ಊಟದ ನಂತರ ಎರಡು ಗಂಟೆಗೆ ನೋಡಿ ವೈದ್ಯರ ಹತ್ತಿರ ಕಳಿಸಬೇಕು. ವಾರಗಟ್ಟಲೆ ನುಂಗಿದ್ದರೆ ಒಮ್ಮೆಲೇ ನಿಲ್ಲಿಸಿ ಎಂದು ಮಾತ್ರ ಹೇಳಬೇಡಿ. ಮಲಗಿಬಿಟ್ಟ ಅಡ್ರಿನಲ್ ಗ್ರಂಥಿ ತಕ್ಷಣ ಏಳುವುದಿಲ್ಲ, ಬಿಪಿ ಬಿದ್ದು ಜೀವಕ್ಕೇ ಅಪಾಯ. ಕ್ರಮೇಣ ಇಳಿಸುವುದು ವೈದ್ಯರ ಕೆಲಸ.

ಶುಗರ್ ಅಳೆಯುವುದು ಸುಲಭ ಎಂದುಕೊಳ್ಳುವುದೂ ತಪ್ಪು. ಟ್ಯೂಬಿನಲ್ಲಿರುವ ರಕ್ತಕಣಗಳಿಗೆ ಜೀವ ಇರುತ್ತದೆ, ಅವು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಬೂದು ಮುಚ್ಚಳದ ಟ್ಯೂಬಿನ ಸೋಡಿಯಂ ಫ್ಲೋರೈಡ್ ಇದನ್ನು ತಡೆಯುತ್ತದಾದರೂ ಕೂಡಲೇ ಅಲ್ಲ. ಅದು ಹಿಡಿಯುವುದು ಗ್ಲೂಕೋಸ್ ಒಡೆಯುವ ಸಾಲಿನ ಕೊನೆಯ ಕಡೆಯ ಕಿಣ್ವವನ್ನು, ಮೊದಲಿನ ಹಂತಗಳು ಒಂದೆರಡು ಗಂಟೆ ನಡೆದೇ ಇರುತ್ತವೆ. 130 ಇದ್ದದ್ದು ಎರಡು ಗಂಟೆಯಲ್ಲಿ 115ರ ಹತ್ತಿರ ಬಂದರೆ, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆ ಎನ್ನುವ 126ರ ಗೆರೆ ದಾಟಿದವರು ‘ನಾರ್ಮಲ್’ ಆಗಿ ಮನೆಗೆ ಹೋಗುತ್ತಾರೆ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಐಸ್ ನೀರಿನಲ್ಲಿಟ್ಟು, ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸುವುದು ನಮ್ಮ ಕ್ರಮ. ಸೆಂಟ್ರಿಫ್ಯೂಜನ್ನೇ ಹಳ್ಳಿಗೆ ಒಯ್ಯಬೇಕಾಗುತ್ತದೆ, ಬೇರೆ ದಾರಿಯಿಲ್ಲ. ‘ಖಾಲಿ ಹೊಟ್ಟೆ’ಯನ್ನೂ ಬಿಡಿಸಿ ಹೇಳಬೇಕು, ಟೀ ಯಾರ ಲೆಕ್ಕದಲ್ಲೂ ತಿಂಡಿಯಲ್ಲ. ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿ, ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

ಒತ್ತಡ ಎಷ್ಟಿದೆ ಎಂದು ಅವರನ್ನೇ ಕೇಳುವ ನಮ್ಮ ಪ್ರಶ್ನಾವಳಿ ಹತ್ತು ಪ್ರಶ್ನೆಗಳದ್ದು, ಒಟ್ಟು 40 ಅಂಕ. 4, 5, 7, 8ನೇ ಪ್ರಶ್ನೆಗಳು ಒಳ್ಳೆಯ ಅನುಭವ ಕೇಳುವುದರಿಂದ ಅವುಗಳ ಅಂಕ ತಿರುಗಿಸಿ ಎಣಿಸುವುದನ್ನು ಮರೆಯಬಾರದು. ಮನೆಮಾತು ತೆಲುಗು ಆದವರಿಗೆ ತೆಲುಗಿನಲ್ಲೇ ಕೇಳಬೇಕು. ಹಾಗೆಯೇ, ಮನಸ್ಸಿನ ಚಿಂತೆಗಿಂತ ಕಾಲಿನ ಹುಣ್ಣು, ಹಲ್ಲಿನ ಕೀವು ಶುಗರ್ ಏರಿಸುವುದು ಜಾಸ್ತಿ. ಬಾಯಿ, ಪಾದ ನೋಡದೆ ಒತ್ತಡದ ಮೇಲೆ ತಪ್ಪು ಹೊರಿಸಬೇಡಿ.

ಕೆಲವು ತಿಂಗಳ ಕಾರ್ಟಿಸಾಲ್ ಒಟ್ಟಿಗೆ ಬೇಕೆಂದರೆ ಕೂದಲು ಇದೆ. ತಲೆಯ ಹಿಂಭಾಗದಲ್ಲಿ ಚರ್ಮಕ್ಕೆ ತಾಗಿಸಿ ಕತ್ತರಿಸಿದ 3 ಸೆಂ.ಮೀ. ಅಂದರೆ ಸುಮಾರು ಮೂರು ತಿಂಗಳ ದಾಖಲೆ. ಬುಡ ಯಾವ ಕಡೆ ಎಂದು ದಾರ ಕಟ್ಟಿ ಗುರುತಿಟ್ಟು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟರೆ ಫ್ರೀಜರ್ ಕೂಡ ಬೇಡ. ಆದರೆ ತಿರುಪತಿ ನಮಗೆ ಹತ್ತಿರ. ಫಾರಂನ ಮೊದಲ ಪ್ರಶ್ನೆ ‘ಮುಡಿ ಕೊಟ್ಟು ಎಷ್ಟು ದಿನ ಆಯ್ತು’ ಎಂದಿರಲಿ, ಎರಡನೆಯದು ಬಣ್ಣ ಹಚ್ಚುವುದರ ಬಗ್ಗೆ.