ಹದಿನೆಂಟು ವರ್ಷ ಉಲ್ಟಾಪಲ್ಟಾ ಕೇಳಿದ ಆಲ್ಬಮ್

2005ರ ಹೊತ್ತಿಗೆ ನಮ್ಮ ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಹಾಡು ಅಂದರೆ ದುಡ್ಡು ಕೊಟ್ಟು ತರುವ ವಸ್ತು ಆಗಿರಲಿಲ್ಲ. ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಲ್ಯಾನ್ ಇತ್ತು, ಫೈಲು ಹಂಚಿಕೊಳ್ಳುವ ಡಿಸಿ ಪ್ಲಸ್ ಪ್ಲಸ್ ಇತ್ತು. ಯಾರದೋ ಕಂಪ್ಯೂಟರಿನಿಂದ ಯಾರೋ ಎಳೆದುಕೊಂಡಿದ್ದನ್ನು ನಾವೂ ಎಳೆದುಕೊಳ್ಳುತ್ತಿದ್ದೆವು. ಹಾಗೆ ನನ್ನ ರೂಮ್‌ಮೇಟ್ ಒಂದು ರಾತ್ರಿ ಎರಡು ಫೋಲ್ಡರ್ ತಂದ. ಒಂದು, ಅಮೆರಿಕದ ಡೆತ್ ಕ್ಯಾಬ್ ಫಾರ್ ಕ್ಯೂಟಿ ಬ್ಯಾಂಡಿನ 'ಟ್ರಾನ್ಸ್‌ಅಟ್ಲಾಂಟಿಸಿಸಂ'. ಇನ್ನೊಂದು, ದಿ ಪೋಸ್ಟಲ್ ಸರ್ವಿಸ್ ಬ್ಯಾಂಡಿನ 'ಗಿವ್ ಅಪ್'. ಎರಡರಲ್ಲೂ ಹಾಡುವವನು ಒಬ್ಬನೇ, ಬೆನ್ ಗಿಬ್ಬರ್ಡ್. ಎರಡೂ ಬಂದಿದ್ದು 2003ರಲ್ಲಿ. ಅದೆಲ್ಲ ನಮಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ.

ಫೈಲುಗಳ ಹೆಸರಿನ ಮುಂದೆ ನಂಬರ್ ಇರಲಿಲ್ಲ. ಹಾಡು ಕೇಳಿಸುವ ವಿನ್‌ಆಂಪ್‌ಗೆ ಹಾಕಿದರೆ ಎ ಬಿ ಸಿ ಡಿ ಸಾಲಿನಲ್ಲಿ ಓಡುತ್ತಿತ್ತು. ನಾನು ಆಲ್ಬಮ್ಮಿನ ಸಾಲೇ ಅದು ಅಂದುಕೊಂಡೆ. ಹಾಸ್ಟೆಲ್ ಬಿಟ್ಟ ಮೇಲೂ ಅದೇ ಫೋಲ್ಡರ್ ಪೆನ್‌ಡ್ರೈವ್‌ನಿಂದ ಫೋನಿಗೆ, ಫೋನಿನಿಂದ ಹೊಸ ಲ್ಯಾಪ್‌ಟಾಪಿಗೆ ಬಂತು. ಹಾಡುಗಳ ಸಾಲು ಬದಲಾಗಲೇ ಇಲ್ಲ.

ಪೋಸ್ಟಲ್ ಸರ್ವಿಸ್ ಒಂದೇ ಆಲ್ಬಮ್ ಮಾಡಿದ ಬ್ಯಾಂಡ್. ಹೆಸರಿನ ಹಿಂದೆ ಒಂದು ಕತೆ ಇದೆ. ಗಿಬ್ಬರ್ಡ್ ಇದ್ದದ್ದು ಸಿಯಾಟಲ್‌ನಲ್ಲಿ, ಸಂಗೀತ ಮಾಡುತ್ತಿದ್ದ ಜಿಮ್ಮಿ ಟ್ಯಾಂಬೊರೆಲ್ಲೊ ಲಾಸ್ ಏಂಜಲೀಸ್‌ನಲ್ಲಿ. ಇವನು ಟೇಪಿನಲ್ಲಿ ಸಂಗೀತ ತುಂಬಿ ಅಂಚೆಗೆ ಹಾಕುವುದು, ಅವನು ಅದರ ಮೇಲೆ ಹಾಡಿ ತಿರುಗಿ ಅಂಚೆಗೆ ಹಾಕುವುದು. ಹೀಗೆ ಆಲ್ಬಮ್ ಆಯಿತು. ಹಾಡು ಹೆಸರಾದ ಮೇಲೆ ಅಮೆರಿಕದ ಅಂಚೆ ಇಲಾಖೆ 'ಅದು ನಮ್ಮ ಹೆಸರು' ಅಂತ ನೋಟಿಸ್ ಕಳಿಸಿತು. ಕೊನೆಗೆ ರಾಜಿ ಆಯಿತು: ಹೆಸರು ಇಟ್ಟುಕೊಳ್ಳಿ, ನಮ್ಮ ಅಧಿಕಾರಿಗಳ ಸಮಾವೇಶದಲ್ಲಿ ಬಂದು ಹಾಡಿ. ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಆ ಸಿಡಿಯನ್ನೂ ಮಾರಿತು. ಸರ್ಕಾರಿ ನೋಟಿಸ್ ಇಷ್ಟು ಚೆನ್ನಾಗಿ ಮುಗಿದಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹತ್ತು ವರ್ಷ ತುಂಬಿದಾಗ, 2013ರಲ್ಲಿ, ಇವರು ಮತ್ತೆ ಸೇರಿ ಊರೂರು ಸುತ್ತಿದ್ದರು. ಆಗ ನಾನು ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಮಾಡುತ್ತಾ ಯೂಟ್ಯೂಬ್‌ನಲ್ಲಿ ನಡುಗುವ ವಿಡಿಯೋ ನೋಡಿದೆ. ಆಮೇಲೆ ಕೆಲಸ ನನ್ನನ್ನು ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ತಂದು ಹಾಕಿತು. 2022ರ ಡಿಸೆಂಬರ್‌ನಲ್ಲಿ ಸುದ್ದಿ ಬಂತು: ಎರಡೂ ಆಲ್ಬಮ್ಮಿಗೆ ಇಪ್ಪತ್ತು ವರ್ಷ, ಎರಡೂ ಬ್ಯಾಂಡ್ ಒಂದೇ ರಾತ್ರಿ, ಎರಡೂ ಆಲ್ಬಮ್ ಮೊದಲಿನಿಂದ ಕೊನೆಯವರೆಗೆ. ಸಿಯಾಟಲ್‌ಗೂ ಬರುತ್ತಾರೆ.

ಸ್ಯಾನ್ ಹೋಸೆಯಲ್ಲಿದ್ದ ರೂಮ್‌ಮೇಟ್‌ಗೆ ಮೆಸೇಜ್ ಮಾಡಿದೆ. 'ಮಗಾ, ನನಗೂ ಒಂದು' ಅಂದ. ಅಷ್ಟೇ.

ಟಿಕೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೆನೆದರೆ ಇವತ್ತೂ ಸಿಟ್ಟು ಬರುತ್ತದೆ. ಆನ್‌ಲೈನ್ ಕ್ಯೂನಲ್ಲಿ ನಲವತ್ತು ನಿಮಿಷ. ಸೀಟು ಸಿಕ್ಕಿತು ಅಂದುಕೊಂಡಾಗ ಪೇಜ್ ಕೆಟ್ಟಿತು. ಎರಡನೇ ಸಲ ಸಿಕ್ಕಿದಾಗ ಆ ಶುಲ್ಕ ಈ ಶುಲ್ಕ ಸೇರಿ ತಲೆಗೆ ನೂರು ಡಾಲರ್ ದಾಟಿತ್ತು. ಎಲ್ಲರಿಗಿಂತ ಮೊದಲೇ ಟಿಕೆಟ್ ಕೊಳ್ಳಲು ಬಿಡುವ ಪ್ರೀಸೇಲ್ ಕೋಡ್ ಮುಂಚೆಯೇ ತರಿಸಿಟ್ಟುಕೊಂಡಿದ್ದೆ, ಅದಕ್ಕೇ ಇಷ್ಟಾದರೂ ಆಯಿತು. ಸ್ಟೇಜಿನ ಮುಂದೆ ನಿಲ್ಲುವ ಜಾಗ ಬೇಡ ಅಂದೆ. ಇಪ್ಪತ್ತರಲ್ಲಿ ನಿಲ್ಲಬಹುದಿತ್ತು, ಈಗ ಮಂಡಿ ಒಪ್ಪಲ್ಲ. ಪಕ್ಕದ ಕೆಳಗಿನ ಸಾಲು ತಗೊಂಡೆ. ಆಮೇಲೆ ನೋಡಿದರೆ ಎಲ್ಲರೂ ಎದ್ದು ನಿಂತೇ ಇದ್ದರು, ನಾವೂ ಎರಡು ಗಂಟೆ ನಿಂತೆವು. ಮಂಡಿಯ ಲೆಕ್ಕ ಅಲ್ಲಿಗೆ ಮುಗೀತು.

ಇನ್ನೊಂದು ನಿರ್ಧಾರ ಮಾಡಿದೆ. ಒಂದು ತಿಂಗಳು ಆ ಹಾಡುಗಳನ್ನು ಕೇಳಬಾರದು. ಮದುವೆ ಊಟಕ್ಕೆ ಹೋಗುವ ದಿನ ಬೆಳಗ್ಗೆ ತಿಂಡಿ ಬಿಡ್ತೀವಲ್ಲ, ಹಾಗೆ. ಇದು ಚೆನ್ನಾಗಿ ಕೆಲಸ ಮಾಡಿತು.

2023ರ ಅಕ್ಟೋಬರ್. ಮೈಸೂರಿನಿಂದ ಅಮ್ಮ ಫೋನ್ ಮಾಡಿದವರು, 'ಪಕ್ಷಮಾಸದಲ್ಲಿ ಎಂಥದೋ ಅದು ಹಾಡು ಕುಣಿತ' ಅಂದರು. 'ಕುಣಿತ ಇಲ್ಲಮ್ಮ, ಎಲ್ಲಾ ಅಳುವ ಹಾಡೇ' ಅಂದೆ. 'ಹಾಗಾದರೆ ಸರಿ' ಅಂದರು.

ಕಾರು ತೆಗೆಯಲಿಲ್ಲ. ಕಾರ್ಯಕ್ರಮ ಇದ್ದದ್ದು ಕ್ಲೈಮೇಟ್ ಪ್ಲೆಡ್ಜ್ ಅರೀನಾದಲ್ಲಿ, ಅದರ ಟಿಕೆಟ್ ಇದ್ದರೆ ಆಗ ಆ ದಿನ ಬಸ್ಸು, ಮೋನೊರೈಲು ಉಚಿತವಾಗಿತ್ತು. 545 ನಂಬರಿನ ಬಸ್ಸಿನಲ್ಲಿ ಸಿಯಾಟಲ್, ಅಲ್ಲಿಂದ 1962ರ ವಿಶ್ವ ಮೇಳಕ್ಕೆ ಕಟ್ಟಿದ ಮೋನೊರೈಲು, ಎರಡೇ ನಿಮಿಷ. ಅರೀನಾದ ಛಾವಣಿಯೂ ಅದೇ ಮೇಳದ್ದು. ಆ ಭಾರೀ ಛಾವಣಿಯನ್ನು ಹಾಗೇ ಎತ್ತಿ ಹಿಡಿದು, ಕೆಳಗೆಲ್ಲ ಅಗೆದು ಹೊಸ ಕಟ್ಟಡ ಮಾಡಿ 2021ರಲ್ಲಿ ತೆರೆದರು. ಒಳಗೆ ಹೊರಗಿನ ತಿಂಡಿ ಬಿಡಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಕಾರಂಜಿ ಹತ್ತಿರ ಕೂತು ಇಬ್ಬರೂ ಖಾಲಿ ಮಾಡಿದೆವು.

ಕಿವಿಗೆ ಸ್ಪಂಜಿನ ಪ್ಲಗ್ ಒಯ್ದಿದ್ದೆ. ರೂಮ್‌ಮೇಟ್ ನಕ್ಕ. ಗಣೇಶನ ಹಬ್ಬದ ಆರ್ಕೆಸ್ಟ್ರಾದ ಸ್ಪೀಕರ್ ಪಕ್ಕ ಬೆಳೆದವನಿಗೆ ಇದೆಲ್ಲ ಯಾಕೆ ಅಂದ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು, 100 ಆದರೆ ಹದಿನೈದೇ ನಿಮಿಷ ಅಂತ ಲೆಕ್ಕ ಹೇಳಿದೆ. ಮೂರನೇ ಹಾಡಿಗೆ ಸುಮ್ನೆ ಕೈ ಚಾಚಿದ. ಒಂದು ಜೊತೆ ಜಾಸ್ತಿ ಇಟ್ಟುಕೊಂಡು ಹೋಗಿ.

ಸುತ್ತ ಇದ್ದವರು ಬಹುತೇಕ ನಮ್ಮ ವಯಸ್ಸಿನವರೇ. ಕಿವಿಗೆ ದೊಡ್ಡ ಮಫ್ ಹಾಕಿದ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಒಬ್ಬ ಪೂರ್ತಿ ಅಂಚೆಯವನ ನೀಲಿ ಡ್ರೆಸ್ ಹಾಕಿ, ಹೆಗಲಿಗೆ ಚೀಲ ಬೇರೆ ತಗುಲಿಸಿಕೊಂಡು ಬಂದಿದ್ದ. ಬಾಗಿಲಲ್ಲಿ ಆ ಚೀಲವನ್ನು ಹೇಗೆ ಬಿಟ್ಟರೋ!

ದೀಪ ಆರಿತು. ಡೆತ್ ಕ್ಯಾಬ್‌ನವರೆಲ್ಲ ಕಪ್ಪು ಬಟ್ಟೆಯಲ್ಲಿ ಬಂದರು. ಮೊದಲ ಹಾಡು ಶುರುವಾಯಿತು. ಇಡೀ ಅರೀನಾ ಕೂಗಿತು. ನನ್ನ ಎ ಬಿ ಸಿ ಡಿ ಸಾಲಿನಲ್ಲಿ ಅದು ಆರನೆಯದು, ನನಗೆ ಮಾತ್ರ ಆರನೇ ಹಾಡು ಶುರುವಾದ ಹಾಗಾಯಿತು.

ನಮ್ಮಲ್ಲಿ ಕಚೇರಿಗೆ ಹೋದರೆ ಮುಂದೆ ಯಾವ ರಾಗ ಎತ್ತುತ್ತಾರೆ ಅಂತ ಕಾಯುವುದೇ ಒಂದು ಮಜಾ. ಇಲ್ಲಿ ಎಲ್ಲರಿಗೂ ಮುಂದಿನದು ಗೊತ್ತು. ಒಂದು ಹಾಡು ಮುಗಿಯುವ ಹೊತ್ತಿಗೆ ಮುಂದಿನ ಹಾಡಿಗೆ ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರು ನನಗೆ ಪ್ರತಿ ಸಲ ತಪ್ಪುತ್ತಿತ್ತು. ಹಾಡುಗಳ ಸರಿಯಾದ ಸಾಲು ನನಗೆ ಗೊತ್ತಿರಲಿಲ್ಲ ಅಂತಲ್ಲ, ಓದಿದ್ದೆ. ಆದರೆ ಬಾಯಿಗೆ, ಕಾಲಿಗೆ ಅದು ಗೊತ್ತಿರಲಿಲ್ಲ.

ಆಲ್ಬಮ್ಮಿನ ನಿಜವಾದ ಆರನೇ ಹಾಡಿನ ಹತ್ತಿರ ಒಂದು ಘಟನೆ ಆಯಿತು. ಆ ಹಾಡು ನನ್ನ ಫೈಲಿನಲ್ಲಿ ಯಾವಾಗಲೂ ಯಾರೋ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲಿ ಅದು ನಿಲ್ಲಲೇ ಇಲ್ಲ. ಅದರ ಬಾಲ ಹಿಡಿದುಕೊಂಡೇ ಪಿಯಾನೊ ಬಂತು, ಆಲ್ಬಮ್ಮಿಗೆ ಹೆಸರು ಕೊಟ್ಟ ಏಳನೇ ಹಾಡು ಬಂತು. ಎರಡೂ ಅಂಟಿಕೊಂಡ ಹಾಡುಗಳು. ನನ್ನ ಸಾಲಿನಲ್ಲಿ ಅವುಗಳ ಮಧ್ಯೆ ಬೇರೆ ಹಾಡೊಂದು ಬಂದು ಕೂತಿತ್ತು. ಆ ಏಳನೇ ಹಾಡು ಸುಮಾರು ಎಂಟು ನಿಮಿಷದ್ದು. ಕೊನೆಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ನೀನು ಇನ್ನೂ ಹತ್ತಿರ ಇರಬೇಕಿತ್ತು ಅನ್ನುವ ಅರ್ಥದ್ದು. ಸಾವಿರಾರು ಜನ ಅದನ್ನೇ ಹೇಳುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಹೆಂಗಸು ಬಿಕ್ಕುತ್ತಿದ್ದಳು, ಜೊತೆಯಲ್ಲಿದ್ದವನು ಅವಳ ಜಾಕೆಟ್ ಹಿಡಿದು ನಿಂತಿದ್ದ. ನಾನು ಹಾಸ್ಟೆಲ್‌ನಲ್ಲಿ ಇಯರ್‌ಫೋನ್ ಹಾಕಿ, ಚಾದರ ಹೊದ್ದು, ಯಾರಿಗೂ ಕೇಳದ ಹಾಗೆ ತುಟಿಯಲ್ಲೇ ಹೇಳಿಕೊಂಡ ಸಾಲು ಅದು. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಅಷ್ಟು ಸದ್ದು.

ಫೋನ್ ತೆಗೆದು ಅರ್ಧ ನಿಮಿಷ ರೆಕಾರ್ಡ್ ಮಾಡಿದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ರೂಮ್‌ಮೇಟ್‌ನ ಅಪಸ್ವರ ಬಿಟ್ಟು ಏನೂ ಇಲ್ಲ.

ಆ ಆಲ್ಬಮ್ ಮುಗಿಯುವುದು ಎ ಅಕ್ಷರದಿಂದ ಶುರುವಾಗುವ ಹಾಡಿನಿಂದ, ಮೆಲ್ಲನೆ, ಗಿಟಾರಿನ ಜೊತೆ. ಎಲ್ಲರಿಗೂ ಅದು ಬೀಳ್ಕೊಡುಗೆ. ಜನ ಕೈ ಕೈ ಹಿಡಿದು ನಿಂತಿದ್ದರು. ನನಗೆ ಅದು ಮೊದಲ ಹಾಡು. ಅದು ಬಂದರೆ ಇನ್ನೂ ಹತ್ತು ಬಾಕಿ ಇವೆ ಅಂತ ಲೆಕ್ಕ. ಎಲ್ಲರೂ ಮುಗಿಸುತ್ತಿದ್ದರೆ ನಾನೊಬ್ಬನೇ ಶುರು ಮಾಡುತ್ತಿದ್ದೆ. ದೀಪ ಹತ್ತಿದಾಗ ಪೆದ್ದನ ಹಾಗೆ ನೋಡಿದೆ.

ಹದಿನೈದು ನಿಮಿಷ ಬಿಡುವು. ಟೀ ಶರ್ಟ್ ಕ್ಯೂನಲ್ಲಿ ನಿಂತು ವಾಪಸ್ ಬಂದೆ, ಕ್ಯೂ ಅಲ್ಲಾಡಲಿಲ್ಲ. ಬೇಕಿದ್ದರೆ ಒಳಗೆ ಬಂದ ತಕ್ಷಣ ಕೊಂಡುಬಿಡಿ. ನಮ್ಮ ಸಾಲಿನ ಜೋಡಿಯೊಂದು ಕಪ್ಪು ಅಂಗಿಯ ಕೆಳಗೆ ಬಿಳಿ ಅಂಗಿ ಹಾಕಿಕೊಂಡೇ ಬಂದಿತ್ತು. ಮೇಲಿನದನ್ನು ತೆಗೆದು ಕೂತರು. ಯಾಕೆ ಅಂತ ಸ್ಟೇಜ್ ನೋಡಿದಾಗ ಗೊತ್ತಾಯಿತು, ಪೋಸ್ಟಲ್ ಸರ್ವಿಸ್‌ನವರೆಲ್ಲ ಬಿಳಿ ಬಟ್ಟೆ.

ಗಿಬ್ಬರ್ಡ್ ಎರಡೂ ಸಲ ಅವನೇ. ನೂರು ಮೈಲಿ ಓಟಗಳಲ್ಲಿ ಓಡುವ ಮನುಷ್ಯ, ಅದಕ್ಕೇ ಇರಬೇಕು ದಣಿವೇ ಇಲ್ಲ. ಪೋಸ್ಟಲ್ ಸರ್ವಿಸ್‌ನ ಗಾಯಕಿ ಜೆನ್ನಿ ಲೂಯಿಸ್ ಬಂದಳು. ಇಬ್ಬರೂ ಜಗಳದ ಹಾಗೆ ಪ್ರಶ್ನೆ ಉತ್ತರ ಹಾಡುವ ಹಾಡಿಗೆ ಇಡೀ ಅರೀನಾ ಎರಡು ಪಕ್ಷವಾಯಿತು. ರೂಮ್‌ಮೇಟ್ ಜೆನ್ನಿ ಕಡೆ ಹಾಡಿದ. ಅಂಚೆ ಡ್ರೆಸ್ಸಿನವನು ಕೆಳಗೆ ಎಲ್ಲೋ ಕುಣಿಯುತ್ತಿದ್ದ. ಅಮ್ಮನಿಗೆ ಸುಳ್ಳು ಹೇಳಿದಂತಾಯಿತು, ಕುಣಿತ ಇತ್ತು.

ಕೊನೆಗೆ ಕಪ್ಪು, ಬಿಳಿ ಇಬ್ಬರೂ ಒಟ್ಟಿಗೆ ಬಂದು ಡಿಪೆಷ್ ಮೋಡ್ ಬ್ಯಾಂಡಿನ ಹಳೆಯ ಹಾಡೊಂದನ್ನು ಹಾಡಿದರು. ಅದಕ್ಕೆ ಮಾತ್ರ ನನಗೂ ಬೇರೆಯವರಿಗೂ ಒಂದೇ ಸಾಲು.

ವಾಪಸ್ ಬಸ್ಸಿನಲ್ಲಿ ಕಿವಿ ಗುಂಯ್ ಅನ್ನುತ್ತಿರಲಿಲ್ಲ, ಪ್ಲಗ್‌ಗೆ ಧನ್ಯವಾದ. ರೂಮ್‌ಮೇಟ್‌ಗೆ ನನ್ನ ಸಾಲಿನ ಕತೆ ಹೇಳಿದೆ. ನಂಬರ್ ಇಲ್ಲದ ಫೈಲು, ಕತ್ತರಿಸಿದ ಹಾಡು, ಎಲ್ಲಾ. ಅವನು ಕಿಟಕಿ ಕಡೆ ತಿರುಗಿ ಸ್ವಲ್ಪ ಹೊತ್ತು ಕೂತ.

'ನಂಬರ್ ಇತ್ತು ಕಣೋ' ಅಂದ. 'ನಾನೇ ತೆಗೆದಿದ್ದೆ. ಲಿಸ್ಟ್ ನೀಟಾಗಿ ಕಾಣಲಿ ಅಂತ.'

ಬಸ್ಸು ತೇಲುವ ಸೇತುವೆ ಮೇಲಿತ್ತು. ರೆಡ್ಮಂಡ್ ಬರುವ ತನಕ ನಾನು ಅವನ ಜೊತೆ ಮಾತಾಡಲಿಲ್ಲ.