ಸಿನ್ಸ್ ಎಲ್ಲಿ, ಫಾರ್ ಎಲ್ಲಿ? ಇಂಗ್ಲಿಷ್ ಜೋಡಿಪದಗಳ ಗೊಂದಲ ಬಿಡಿಸುವ ಬಗೆ

ಗಲ್ಫ್‌ಗೆ ಹೊರಟವರ, ಮಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುವವರ ಇಂಗ್ಲಿಷ್ ಪತ್ರಗಳನ್ನು ಉಡುಪಿಯಲ್ಲಿ ಕೂತು ತಿದ್ದಿಕೊಡುತ್ತೇನೆ. ಒಳ್ಳೆಯ ಅಂಕ ತೆಗೆದವರ ಅರ್ಜಿಯಲ್ಲೂ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ಸಾಲು ತಪ್ಪದೆ ಸಿಗುತ್ತದೆ. ಅಲ್ಲಿ ಸಿನ್ಸ್ ಬದಲು ಫಾರ್ ಬರಬೇಕಿತ್ತು. ಹೀಗೆ ಒಂದರ ಜಾಗಕ್ಕೆ ಇನ್ನೊಂದು ಬಂದುಬಿಡುವ ಜೋಡಿಪದಗಳನ್ನು ಸರಿಪಡಿಸಿಕೊಳ್ಳುವುದು ಕಷ್ಟವೇನಲ್ಲ, ಆದರೆ ಕ್ರಮವಾಗಿ ಮಾಡಬೇಕು.

ಹಂತ 1: ನಿಘಂಟು ಸರಿ ಇರಲಿ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿಗುವ ಜೋಡಿಪದಗಳ ಕಿರುಪುಸ್ತಕ ಕೊಳ್ಳಬೇಡಿ. ಬಾರೋ, ಲೆಂಡ್ ಎರಡರ ಮುಂದೆಯೂ ‘ಸಾಲ’ ಎಂದಷ್ಟೇ ಬರೆದಿದ್ದರೆ ಯಾರಿಗೆ ಏನು ತಿಳಿದೀತು? 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ನಿಘಂಟು ನಮ್ಮೂರಿನ ಹೆಮ್ಮೆ. ಆದರೆ ಅದು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡುವಂಥದ್ದು. ನಿಮಗೆ ಬೇಕಾದದ್ದು ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಹೇಳಿ, ಜೊತೆಗೆ ಪೂರ್ತಿ ವಾಕ್ಯವನ್ನೂ ಕೊಡುವ ನಿಘಂಟು.

ಹಂತ 2: ಜೋಡಿಯ ಎರಡೂ ಪದಗಳನ್ನು ಒಂದೇ ದಿನ ಕಲಿಯಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಹಂತ 3: ಸಿನ್ಸ್, ಫಾರ್. ಹೆಚ್ಚಿನವರು ಎಡವುವುದು ಇಲ್ಲೇ. ‘2019ರಿಂದ’ ಎನ್ನುತ್ತೇವೆ, ‘ಐದು ವರ್ಷದಿಂದ’ ಎಂದೂ ಎನ್ನುತ್ತೇವೆ. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಸಾಲದು. ಶುರುವಾದ ಗಳಿಗೆಯನ್ನು ಹೇಳುವಾಗ ಸಿನ್ಸ್, ಎಷ್ಟು ಕಾಲ ಎಂದು ಅಳೆದು ಹೇಳುವಾಗ ಫಾರ್. ಸೋಮವಾರ, ಚೌತಿ, ಬಾಲ್ಯ, 2019 ಇವೆಲ್ಲ ಶುರುವಿನ ಗುರುತುಗಳು, ಸಿನ್ಸ್ ಬೇಕು. ಅರ್ಧ ಗಂಟೆ, ಮೂರು ತಿಂಗಳು, ತುಂಬಾ ಸಮಯ ಇವು ಅಳತೆಗಳು, ಫಾರ್ ಬೇಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟು ಗಂಟೆಯಿಂದ ಕಾಯುತ್ತಿದ್ದರೆ ಸಿನ್ಸ್ ಏಯ್ಟ್. ಎರಡು ಗಂಟೆಯಷ್ಟು ಹೊತ್ತಿನಿಂದ ಕಾಯುತ್ತಿದ್ದರೆ ಫಾರ್ ಟೂ ಅವರ್ಸ್.

ಇಷ್ಟು ತಿಳಿದವರೂ ‘ಕಳೆದ’ ಬಂದಾಗ ಸಿಕ್ಕಿಬೀಳುತ್ತಾರೆ. ‘ಕಳೆದ ವರ್ಷದಿಂದ’ ಎಂದರೆ ಸಿನ್ಸ್ ಲಾಸ್ಟ್ ಇಯರ್. ‘ಕಳೆದ ಒಂದು ವರ್ಷದಿಂದ’ ಎಂದರೆ ಫಾರ್ ದ ಲಾಸ್ಟ್ ಒನ್ ಇಯರ್. ನಡುವೆ ‘ಒಂದು’ ಸೇರಿದ್ದೇ ತಡ, ಗುರುತು ಹೋಗಿ ಅಳತೆಯಾಯಿತು. ಈ ಎರಡು ಸಾಲನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಮುಗಿದ ಸಂಗತಿಗೆ ಲೆಕ್ಕ ಬೇರೆ. ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿತು, ಇಂದಿಗೂ ಇದೆ. ಹಾಗಾಗಿ ಸಿನ್ಸ್ 1906. ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಯಿತು. ಅದಕ್ಕೆ ಫ್ರಮ್ 1906 ಟು 2020 ಎನ್ನಬೇಕು, ಸಿನ್ಸ್ ಕೂಡದು.

ಕ್ರಿಯಾಪದವನ್ನೂ ಬದಲಿಸಬೇಕು. ಈಗಲೂ ಅದೇ ಕೆಲಸದಲ್ಲಿದ್ದರೆ ‘ಆಮ್ ವರ್ಕಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಬಿಟ್ಟ ಕೆಲಸವಾದರೆ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’. ಅದಲುಬದಲಾದರೆ, ಬಿಟ್ಟ ಕಂಪನಿಯಲ್ಲಿ ಇನ್ನೂ ಇದ್ದೀರಿ ಎಂದೇ ಓದುವವರು ತಿಳಿಯುತ್ತಾರೆ.

ಹಂತ 4: ಉಳಿದವು ಸುಲಭ. ಕೈಗೆ ಬರುವುದು ಬಾರೋ, ಅದಾದ ಮೇಲೆ ಫ್ರಮ್ ಬರಲಿ. ಕೈಯಿಂದ ಹೋಗುವುದು ಲೆಂಡ್, ಅದಾದ ಮೇಲೆ ಟು. ಕಳೆದುಕೊಳ್ಳುವ ಲೂಸ್‌ಗೆ ಒಂದೇ ‘ಓ’, ಸಡಿಲವಾದ ಲೂಸ್‌ಗೆ ಎರಡು. ಅಡ್ವೈಸ್ ನಾಮಪದವಾದರೆ ‘ಸಿ’, ಕ್ರಿಯಾಪದವಾದರೆ ‘ಎಸ್’. ಕಾಲೇಜಿನ ಪ್ರಿನ್ಸಿಪಾಲರೂ ಸಾಲದ ಅಸಲೂ ‘ಎ-ಎಲ್’ನಿಂದ ಮುಗಿಯುತ್ತವೆ. ತತ್ತ್ವ ಎಂಬ ಅರ್ಥದ ಪ್ರಿನ್ಸಿಪಲ್ ಮಾತ್ರ ‘ಎಲ್-ಇ’.

ಹಂತ 5: ಕಳುಹಿಸುವ ಮುನ್ನ ಪರೀಕ್ಷಿಸಿ. ಫೋನಿನ ಕಾಗುಣಿತ ತಿದ್ದುವ ವ್ಯವಸ್ಥೆಯನ್ನಷ್ಟೇ ನಂಬಬೇಡಿ. ಸಿನ್ಸ್, ಫಾರ್ ಎರಡರ ಕಾಗುಣಿತವೂ ಸರಿಯೇ ಇರುವುದರಿಂದ ಅದು ಸುಮ್ಮನಿರುತ್ತದೆ. ಪತ್ರವನ್ನು ಕಾಗದದಲ್ಲಿ ಮುದ್ರಿಸಿಕೊಂಡು, ಸಿನ್ಸ್ ಇರುವಲ್ಲೆಲ್ಲ ಅದರ ಮುಂದಿನ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅಲ್ಲಿ ‘ಐದು ವರ್ಷ’, ‘ಆರು ತಿಂಗಳು’ ಎಂಬಂಥ ಅಳತೆ ಇದ್ದರೆ ಸಿನ್ಸ್ ಹೊಡೆದು ಫಾರ್ ಬರೆಯಿರಿ. ‘ಏಕೆಂದರೆ’ ಎಂಬ ಅರ್ಥದಲ್ಲಿ ಬಂದ ಸಿನ್ಸ್ ಬೇರೆಯದು, ಅದನ್ನು ಮುಟ್ಟಬೇಡಿ.