ಫಿಟ್ಟೋನಿಯಾ ಜೋತುಬಿದ್ದರೆ ಮೊದಲು ಮಣ್ಣು ಮುಟ್ಟಿ

ನಮ್ಮನೆಗೆ ಬಂದ ಮೊದಲ ಫಿಟ್ಟೋನಿಯಾವನ್ನು ಕೊಂದವಳು ನಾನೇ. ನೀರು ಹಾಕದೆ ಅಲ್ಲ, ಹಾಕಿ ಹಾಕಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಿಂದ ತಂದಿದ್ದೆ: ಅಂಗೈಯಗಲದ ಕುಂಡ, ಕಡುಹಸಿರು ಎಲೆ, ಅದರ ಮೇಲೆ ರಂಗೋಲಿ ಎಳೆಯಂಥ ಗುಲಾಬಿ ನರಗಳು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಬೇಯಿಸಿದ ಸೊಪ್ಪಿನ ಹಾಗೆ ಕುಂಡದ ಅಂಚಿಗೆ ಜೋತುಬಿದ್ದಿದೆ. ಒಂದು ಲೋಟ ನೀರು ಸುರಿದೆ. ತಿಂಡಿ ಮುಗಿಸಿ ಪಾತ್ರೆ ತೊಳೆಯುವಷ್ಟರಲ್ಲಿ ಎದ್ದು ಕೂತಿತ್ತು. “ಸತ್ತಿರಲಿಲ್ಲ ಕಣೇ, ಬರೀ ನಾಟಕ” ಅಂದರು ಅತ್ತೆ.

ಅಲ್ಲಿಂದ ಶುರುವಾಯಿತು ನೋಡಿ, ಎಲೆ ಚೂರು ಬಾಗಿದರೂ ನಾನು ಲೋಟ ಹಿಡಿದು ಓಡುವುದು. ತಿಂಗಳೊಳಗೆ ಮತ್ತೆ ಬಿತ್ತು, ಈ ಸಲ ಏಳಲಿಲ್ಲ. ಕಿತ್ತರೆ ಬುಡವೆಲ್ಲ ಕಪ್ಪಗಾಗಿ ನಾರುತ್ತಿತ್ತು.

ಈ ಗಿಡಕ್ಕೆ ಬಾಯಾರಿದರೂ ಅದೇ ಮುಖ, ಬೇರು ಕೊಳೆತರೂ ಅದೇ ಮುಖ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ಒದ್ದೆ ಮಣ್ಣಿನಲ್ಲಿದ್ದೂ ಎಲೆ ಸೊರಗುತ್ತದೆ. ಎಲೆಯನ್ನು ನಂಬಬೇಡಿ, ತೋರುಬೆರಳನ್ನು ಮೊದಲ ಗೆರೆಯವರೆಗೆ ಮಣ್ಣಿಗೆ ಇಳಿಸಿ. ಮೇಲೆ ಒಣಗಿ ಒಳಗೆ ಸ್ವಲ್ಪ ತಂಪು ತಗುಲಿದರೆ ನೀರಿನ ಹೊತ್ತಾಯಿತು. ಹಸಿಮಣ್ಣು ಬೆರಳಿಗೆ ಮೆತ್ತಿಕೊಂಡು ಬಂದರೆ ಬೇಡ. ಹಾಕುವಾಗ ತಳದ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ನಮ್ಮನೆಯಲ್ಲಿ ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ, ಡಿಸೆಂಬರ್‌ನಲ್ಲಿ ಐದಾರು ದಿನಕ್ಕೊಮ್ಮೆ. ನಿಮ್ಮ ಮನೆಯ ಲೆಕ್ಕ ನಿಮ್ಮ ಬೆರಳೇ ಹೇಳುತ್ತದೆ.

ಯಾವ ನೀರು? ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಉಪ್ಪಿನಂಶವೆಲ್ಲ ಸೇರಿಕೊಳ್ಳುವುದೇ ಆ ನೀರಿನಲ್ಲಿ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು, ಎಲೆಯಂಚು ಕಂದಾಗಿ ಸುಟ್ಟಿತು. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಮಳೆನೀರು ಸಿಕ್ಕರೆ ಹಬ್ಬ, ಇಲ್ಲವಾದರೆ ಕಾವೇರಿ ನೀರು ಸಾಕು.

ಪೆರು, ಕೊಲಂಬಿಯಾ ಕಡೆಯ ಮಳೆಕಾಡಿನಲ್ಲಿ ದೊಡ್ಡ ಮರಗಳ ಬುಡದಲ್ಲಿ ನೆಲ ಹಿಡಿದು ಹರಿಯುವ ಗಿಡವಿದು. ಎತ್ತರ ಒಂದು ಗೇಣು ದಾಟುವುದಿಲ್ಲ. ಸಸ್ಯಶಾಸ್ತ್ರದ ಪುಸ್ತಕ ಬರೆದ ಎಲಿಜಬೆತ್ ಮತ್ತು ಸಾರಾ ಮೇರಿ ಫಿಟ್ಟನ್ ಎಂಬ ಅಕ್ಕತಂಗಿಯರ ಹೆಸರು ಇದಕ್ಕೆ. ಕುಟುಂಬ ಮಾತ್ರ ನಮಗೆ ಗೊತ್ತಿರುವುದೇ: ಕನಕಾಂಬರ, ಆಡುಸೋಗೆ ಇದರ ಬಳಗ. ಆದರೆ ಕನಕಾಂಬರದ ಹಾಗೆ ಬಿಸಿಲಿಗಿಟ್ಟೀರಿ ಜೋಕೆ, ಎಲೆ ಒಂದೇ ಮಧ್ಯಾಹ್ನಕ್ಕೆ ಬಾಡಿ ಸುಡುತ್ತದೆ. ಉತ್ತರದ ಕಿಟಕಿ ಒಳ್ಳೆಯದು. ಟ್ಯೂಬ್‌ಲೈಟ್ ಉರಿಯುವ ಆಫೀಸು ಮೇಜಿನ ಮೇಲೂ ಬದುಕುತ್ತದೆ. ಕತ್ತಲು ಹೆಚ್ಚಾದರೆ ಕಾಂಡ ಉದ್ದುದ್ದ ಎಳೆದುಕೊಂಡು ಎಲೆ ವಿರಳವಾಗುತ್ತದೆ, ಅಷ್ಟೇ.

ತಂದ ವಾರದಲ್ಲಿ ಕುಂಡ ಬದಲಿಸಿ. ಬುಡ ಬಿಡಿಸಿದರೆ ಬೇರಿನ ಸುತ್ತ ಎಷ್ಟೋ ಸಲ ಪ್ಲಾಸ್ಟಿಕ್ ಬಲೆಯ ಪುಟ್ಟ ಬಟ್ಟಲಿರುತ್ತದೆ, ಕತ್ತರಿಯಿಂದ ಮೆಲ್ಲಗೆ ಕತ್ತರಿಸಿ ತೆಗೆಯಿರಿ. ಬೇರು ಆಳಕ್ಕೆ ಹೋಗದು, ನಾಲ್ಕಿಂಚಿನ ಅಗಲ ಕುಂಡ ಧಾರಾಳ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಮಣ್ಣು ಸಡಿಲವಾಗಿರಲು ಒಂದು ಹಿಡಿ ಪರ್ಲೈಟ್ ಎಂಬ ಹಗುರ ಬಿಳಿ ಹರಳು. ಬೇರೆ ಗೊಬ್ಬರಕ್ಕೆ ನಾನು ತಲೆಕೆಡಿಸಿಕೊಂಡಿಲ್ಲ. ಎಲೆಯಡಿಯಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಬೇಸಿಗೆಯ ಒಣಗಾಳಿಗೆ ಉಪಾಯ ಹುಡುಕಿದ್ದು ಅತ್ತೆ. ಮೀನು ಸತ್ತ ಮೇಲೆ ಖಾಲಿ ಬಿದ್ದಿದ್ದ ಗಾಜಿನ ಬೋಗುಣಿಯೊಳಗೆ ಕುಂಡವನ್ನೇ ಇಳಿಸಿ, ಬಾಯಿಗೆ ಸ್ಟೀಲ್ ತಟ್ಟೆಯನ್ನು ಓರೆಯಾಗಿ ಮುಚ್ಚಿದರು. ಗಾಜಿನ ಒಳಮೈಯಲ್ಲಿ ಬೆವರಿನಂತೆ ಹನಿ ಕಟ್ಟಿ ಮತ್ತೆ ಕೆಳಗಿಳಿಯುತ್ತದೆ. ಊರಿಗೆ ಹೋಗಿ ಎಂಟು ದಿನ ಬಿಟ್ಟು ಬಂದರೂ ಗಿಡ ನಿಂತೇ ಇತ್ತು. ಫ್ಯಾನಿನ ಕೆಳಗೆ ಇಟ್ಟಿದ್ದ ಇನ್ನೊಂದು ಮಲಗಿತ್ತು.

ತಿಂಗಳಿಗೊಮ್ಮೆ ಕುಡಿ ಚಿವುಟಿದರೆ ಪಕ್ಕಕ್ಕೆ ಕವಲೊಡೆದು ತುಂಬಿಕೊಳ್ಳುತ್ತದೆ. ಚಿವುಟಿದ ಕುಡಿಯನ್ನು ಬಿಸಾಡಬೇಡಿ. ಕೆಳಗಿನ ಗೆಣ್ಣಿನ ಎಲೆ ತೆಗೆದು ನೀರಿನ ಲೋಟದಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬಿಳಿ ಬೇರು ಬಿಡುತ್ತದೆ. ಮೂರು ನಾಲ್ಕು ಕುಡಿ ಒಟ್ಟಿಗೆ ನೆಟ್ಟರೆ ಕುಂಡ ಬೇಗ ತುಂಬುತ್ತದೆ. ಬುಡ ಕೊಳೆಯತೊಡಗಿದ ಗಿಡವನ್ನು ಉಳಿಸಿಕೊಳ್ಳಲೂ ಇದೇ ದಾರಿ.

ಹೂ ಕಡ್ಡಿ ಬಂದರೂ ಚಿವುಟಬೇಕು. ಬಿಳಿಚಿಕೊಂಡ ಸಣ್ಣ ಹೂ, ಅದಕ್ಕಾಗಿ ಗಿಡ ಸುಮ್ಮನೆ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಕನಕಾಂಬರದ ಬಳಗ ಎಂದು ಹೇಳಿದ ತಪ್ಪಿಗೆ ಅತ್ತೆ ಮುಟ್ಟಲು ಬಿಡುವುದಿಲ್ಲ. ಅವರು ಮಲಗಿದ ಮೇಲೆ ನಾನು ಚಿವುಟುತ್ತೇನೆ.